ಸಸ್ಪೆನ್ಷನ್ ಬದಲಿಸಿದ ಮೇಲೆ ಎಸ್‌ಯುವಿ ಓಲಾಡುತ್ತಿದೆಯೇ? ಹೊಂದದ ಭಾಗ ಹುಡುಕುವ ಬಗೆ

ಶಾಕ್ ಅಬ್ಸಾರ್ಬರ್ ಹೊಸದು, ಸ್ಪ್ರಿಂಗ್ ಹೊಸದು, ಟೈರೂ ಹೊಸದು. ಆದರೂ ಗಾಡಿ ರಸ್ತೆ ಹಿಡಿದು ಹೋಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇನ್ನೊಂದು ಭಾಗ ಬದಲಿಸಿ ನೋಡುತ್ತಾರೆ. ದುಡ್ಡು ಹೋಗುತ್ತದೆ, ಓಲಾಟ ಉಳಿಯುತ್ತದೆ. ಸಸ್ಪೆನ್ಷನ್ನಿನ ಒಂದೊಂದು ಭಾಗವೂ ಬಿಡಿಯಾಗಿ ಚೆನ್ನಾಗಿದ್ದರೆ ಸಾಲದು. ಸ್ಪ್ರಿಂಗಿಗೆ ತಕ್ಕ ಶಾಕ್ ಬೇಕು, ಮುಂದಿನ ಜೋಡಿಗೆ ತಕ್ಕ ಹಿಂದಿನ ಜೋಡಿ ಬೇಕು, ಎಡಕ್ಕೆ ಬಲ ಸಮನಾಗಿರಬೇಕು, ಗಾಡಿಯ ಎತ್ತರಕ್ಕೆ ಸ್ಟೀರಿಂಗಿನ ಕೋನ ಹೊಂದಬೇಕು. ಇದರಲ್ಲಿ ಒಂದು ತಪ್ಪಿದರೂ ಎತ್ತರದ, ಭಾರದ ಗಾಡಿ ಅದನ್ನು ಮೊದಲ ತಿರುವಿನಲ್ಲೇ ತೋರಿಸುತ್ತದೆ.

ಆದ್ದರಿಂದ ಹೊಸ ಭಾಗ ಕೊಳ್ಳುವ ಮೊದಲು ಯಾವುದು ಯಾವುದಕ್ಕೆ ಹೊಂದುತ್ತಿಲ್ಲ ಎಂದು ಪತ್ತೆ ಮಾಡಿ. ಅದಕ್ಕೆ ಬೇಕಾದ್ದು ಒಂದು ಅಳತೆ ಟೇಪು, ಗಾಳಿ ನೋಡುವ ಗೇಜು, ಒಂದು ಚಾಕ್‌ಪೀಸು, ಒಂದು ದಾರ.

ಮೊದಲು ಒಂದು ಪಟ್ಟಿ ಬರೆಯಿರಿ

ಗಾಡಿ ಶೋರೂಮಿನಿಂದ ಬಂದ ಮೇಲೆ ಏನೇನು ಬದಲಾಗಿದೆ ಎಂದು ಕಾಗದದ ಮೇಲೆ ಬರೆಯಿರಿ. ಸ್ಪ್ರಿಂಗ್, ಶಾಕ್, ಸ್ಪೇಸರ್ (ಎತ್ತರಿಸಲೆಂದು ಸೇರಿಸುವ ಬಿಲ್ಲೆ), ಸ್ಪ್ರಿಂಗಿನ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್, ಲೀಫ್ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್) ಹೆಚ್ಚಿಗೆ ಹಾಕಿಸಿದ ಪ್ಲೇಟು, ಟೈರಿನ ಅಳತೆ, ಮೇಲಿನ ಕ್ಯಾರಿಯರ್ ಎಲ್ಲವೂ ಬರಲಿ. ಪಕ್ಕದಲ್ಲಿ, ತೊಂದರೆ ಯಾವುದರ ನಂತರ ಶುರುವಾಯಿತು ಎಂದೂ ಗುರುತಿಸಿ.

ತೆಗೆದು ಹಾಕಿದ್ದನ್ನೂ ಬರೆಯಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ರಾಜ್ಯಗಳಿಗೆ ಬರೆದ ಮೇಲೆ ಎಷ್ಟೋ ಗಾಡಿಗಳ ಮುಂದಿನ ಕಬ್ಬಿಣದ ಗಾರ್ಡ್ ಇಳಿಯಿತು. ಆ ಭಾರ ಹೊರಲೆಂದು ಹಾಕಿಸಿದ್ದ ಗಟ್ಟಿ ಸ್ಪ್ರಿಂಗ್ ಮಾತ್ರ ಹಾಗೇ ಉಳಿದಿದ್ದರೆ, ಮುಂಭಾಗ ಎತ್ತರದಲ್ಲಿ ನಿಂತು ಸಣ್ಣ ಉಬ್ಬಿಗೂ ಕುಣಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇದನ್ನು ವಿಶೇಷವಾಗಿ ವಿಚಾರಿಸಿ.

ಖರ್ಚಿಲ್ಲದ ತಪಾಸಣೆಗಳು

ಗಾಳಿಯಿಂದ ಶುರುಮಾಡಿ. ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಷ್ಟು, ಟೈರು ತಣ್ಣಗಿರುವಾಗ. ಪಂಕ್ಚರ್ ಅಂಗಡಿಯಲ್ಲಿ ನಾಲ್ಕಕ್ಕೂ ಒಂದೇ ಲೆಕ್ಕದಲ್ಲಿ 40 ತುಂಬಿ ಕಳಿಸಿದ್ದರೆ, ನಿಮಗೆ ಸಸ್ಪೆನ್ಷನ್ ದೋಷದಂತೆ ಕಾಣುವುದು ಬರೀ ಗಾಳಿಯ ದೋಷವಾಗಿರಬಹುದು. ಆಮೇಲೆ ನಾಲ್ಕೂ ಟೈರಿನ ಬದಿಯ ಅಳತೆ, ಮಾದರಿ, ತಯಾರಾದ ವಾರ ಮತ್ತು ವರ್ಷ ಸೂಚಿಸುವ ನಾಲ್ಕು ಅಂಕಿಗಳನ್ನು ಓದಿ. ಮುಂದೆ ಕಾಡುದಾರಿಯ ದಪ್ಪ ಗುಬುಟಿನ ಟೈರು, ಹಿಂದೆ ಸವೆದ ಹೆದ್ದಾರಿ ಟೈರು ಇದ್ದರೆ ಮಳೆಯಲ್ಲಿ ಹಿಂಭಾಗ ಜಾರುವುದಕ್ಕೆ ಸ್ಪ್ರಿಂಗನ್ನು ದೂರುವಂತಿಲ್ಲ. ಕ್ಯಾರಿಯರ್ ಮೇಲಿನ ಸಾಮಾನು, ಡಿಕ್ಕಿಯಲ್ಲಿ ಸದಾ ಇರುವ ಭಾರ ಇಳಿಸಿ ಒಮ್ಮೆ ಓಡಿಸಿ ನೋಡಿ. ಲಕ್ಷಣ ಮಾಯವಾದರೆ ಮುಂದಿನ ಹುಡುಕಾಟ ಅರ್ಧ ಮುಗಿಯಿತು.

ಈಗ ಟೇಪು ಹಿಡಿಯಿರಿ. ಸಮತಟ್ಟಾದ ನೆಲದಲ್ಲಿ, ಒಳಗೆ ಯಾರೂ ಇಲ್ಲದಾಗ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ನಿಲ್ಲಿಸಿ. ಚಕ್ರದ ನಟ್ಟನಡುವಿನಿಂದ ನೆಟ್ಟಗೆ ಮೇಲೆ, ಫೆಂಡರ್ ಕಮಾನಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಲೆಕ್ಕಕ್ಕೆ ಸೇರಿಬಿಡುತ್ತದೆ. ಚಕ್ರದ ನಡುವಿನಿಂದ ಅಳೆದರೆ ಸಸ್ಪೆನ್ಷನ್ ಮಾತ್ರ ಸಿಗುತ್ತದೆ. ನಾಲ್ಕೂ ಮೂಲೆಯ ಅಂಕಿ ಬರೆದಿಡಿ. ಎಡಕ್ಕೂ ಬಲಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಸಹಜ. 15 ಮಿ.ಮೀ. ದಾಟಿದರೆ ಕಾರಣ ಹುಡುಕಲೇಬೇಕು.

ಕೊನೆಗೆ ಟಾರ್ಚ್ ಹಾಕಿ ಬಗ್ಗಿ ನೋಡಿ. ಶಾಕ್ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದೆಯೇ, ಸ್ಪ್ರಿಂಗಿನ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂತಿದೆಯೇ, ಸುರುಳಿ ಎಲ್ಲಾದರೂ ಮುರಿದಿದೆಯೇ, ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು ಹರಿದಿವೆಯೇ? ಸ್ಪ್ರಿಂಗ್‌ಗಳ ಮೇಲಿರುವ ಬಣ್ಣದ ಗೆರೆ, ಶಾಕ್ ಮೇಲಿನ ಪಾರ್ಟ್ ನಂಬರ್ ಫೋಟೊ ತೆಗೆದಿಡಿ. ಡೀಸೆಲ್ ಗಾಡಿಯ ಮುಂದಿನ ಸ್ಪ್ರಿಂಗೂ ಪೆಟ್ರೋಲ್ ಗಾಡಿಯದ್ದೂ ನೋಡಲು ಒಂದೇ ತರಹ ಇರುತ್ತವೆ. ಹೊರುವ ಭಾರ ಬೇರೆ, ಗುರುತು ಬರೀ ಆ ಬಣ್ಣದ ಗೆರೆ. ಕೆಲವು ಮಾದರಿಗಳಲ್ಲಿ ಎಡಗಡೆಯ ಮತ್ತು ಬಲಗಡೆಯ ಸ್ಪ್ರಿಂಗ್‌ಗಳಿಗೇ ಬೇರೆ ಬೇರೆ ನಂಬರ್ ಇರುತ್ತದೆ.

ಎಚ್ಚರಿಕೆ: ಬರೀ ಜಾಕಿಯ ಮೇಲೆ ನಿಂತ ಗಾಡಿಯಡಿ ತಲೆ ಹಾಕಬೇಡಿ. ಎತ್ತಲೇಬೇಕಿದ್ದರೆ ಗಟ್ಟಿ ನೆಲದಲ್ಲಿ, ಚಕ್ರಕ್ಕೆ ಅಡೆ ಇಟ್ಟು, ಆಕ್ಸಲ್ ಸ್ಟ್ಯಾಂಡ್ ಕೊಟ್ಟ ಮೇಲಷ್ಟೇ. ಇಟ್ಟಿಗೆ, ಸಿಮೆಂಟ್ ಬ್ಲಾಕು ಸ್ಟ್ಯಾಂಡ್ ಆಗಲಾರವು. ಭಾರ ಬಿದ್ದರೆ ಒಮ್ಮೆಲೇ ಪುಡಿಯಾಗುತ್ತವೆ.

ಲಕ್ಷಣ: ಹೆದ್ದಾರಿಯಲ್ಲಿ ತೇಲುತ್ತದೆ, ಒಂದು ಉಬ್ಬಿಗೆ ಎರಡು ಮೂರು ಸಲ ಏಳುತ್ತದೆ

ಸ್ಪ್ರಿಂಗಿನ ಬಲಕ್ಕೆ ಶಾಕ್ ಸಾಲುತ್ತಿಲ್ಲ ಎಂದು ಇದರ ಅರ್ಥ. ಗಾಡಿ ಎತ್ತರಿಸಲೆಂದು ಹೊಸ ಸ್ಪ್ರಿಂಗ್ ಹಾಕಿಸಿ, ಹಣ ಉಳಿಸಲು ಕಂಪನಿಯ ಹಳೆಯ ಶಾಕ್‌ಗಳನ್ನೇ ಬಿಟ್ಟವರಿಗೆ ಬರುವ ತೊಂದರೆ.

ಕಾರಣ ತಿಳಿದಿರಲಿ. ಸುರುಳಿ ಸ್ಪ್ರಿಂಗಿನ ಗಡಸುತನ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉಳಿದ ಅಳತೆಗಳೆಲ್ಲ ಅಷ್ಟೇ ಇದ್ದು ತಂತಿ ಮಾತ್ರ 12 ಮಿ.ಮೀ.ನಿಂದ 13ಕ್ಕೆ ಹೋದರೆ ಸ್ಪ್ರಿಂಗ್ ಸುಮಾರು 38 ಶೇಕಡಾ ಗಟ್ಟಿಯಾಯಿತು. ಕಣ್ಣಿಗೆ ಈ ವ್ಯತ್ಯಾಸ ಗೊತ್ತೇ ಆಗದು. ಅದುಮಿದ ಸ್ಪ್ರಿಂಗ್ ಅಷ್ಟು ಹೆಚ್ಚಿನ ಬಲದಿಂದ ವಾಪಸು ಏಳುವಾಗ ತಡೆಯಬೇಕಾದ್ದು ಶಾಕ್. ಮೊದಲಿನ ಸ್ಪ್ರಿಂಗಿಗೆಂದು ಮಾಡಿದ, ಅದೂ ಸವೆದ ಶಾಕ್ ಆ ಕೆಲಸ ಮಾಡಲಾರದು.

ಬಾನೆಟ್ ಮೂಲೆ ಒತ್ತಿ ಬಿಡುವ ಪರೀಕ್ಷೆ ಸಣ್ಣ ಕಾರಿಗೆ ಸರಿ. ಎರಡು ಟನ್ ತೂಗುವ ಗಾಡಿ ಕೈ ಒತ್ತಿಗೆ ಅಲುಗುವುದೇ ಇಲ್ಲ. ಬದಲಿಗೆ ಖಾಲಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ವೇಗದಲ್ಲಿ ಒಂದು ಮೆದು ಹಂಪು ದಾಟಿ, ಬದಿಯಲ್ಲಿ ನಿಂತವರೊಬ್ಬರು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಲಿ. ಮೈ ಒಮ್ಮೆ ಎದ್ದು ಇಳಿದು ನಿಂತರೆ ಸರಿ. ಎರಡನೇ ಸಲ ಸ್ಪಷ್ಟವಾಗಿ ಎದ್ದರೆ ಶಾಕ್ ಸೋತಿದೆ. ಮುಂದಿನದೋ ಹಿಂದಿನದೋ ಎಂಬುದೂ ಅದೇ ವಿಡಿಯೊದಲ್ಲಿ ಕಾಣುತ್ತದೆ.

ಇನ್ನೊಂದು ಉಪಾಯವಿದೆ. ಹದಿನೈದು ನಿಮಿಷ ಕೆಟ್ಟ ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿದ ಕೂಡಲೇ ನಾಲ್ಕೂ ಶಾಕ್‌ಗಳ ಮೈಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಕೆಲಸ ಮಾಡಿದ ಶಾಕ್ ಬೆಚ್ಚಗಾಗಿರುತ್ತದೆ, ಏಕೆಂದರೆ ಕುಲುಕಾಟದ ಶಕ್ತಿಯನ್ನೆಲ್ಲ ಅದು ಶಾಖವಾಗಿ ಬದಲಿಸುತ್ತದೆ. ಒಂದೇ ಆಕ್ಸಲ್ಲಿನಲ್ಲಿ ಎಡಗಡೆಯದು ಬೆಚ್ಚಗೆ, ಬಲಗಡೆಯದು ತಣ್ಣಗೆ ಇದ್ದರೆ ತಣ್ಣಗಿರುವುದು ಸತ್ತಿದೆ. ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸವಿದ್ದರೆ ಗಾಬರಿ ಬೇಡ. ಸೈಲೆನ್ಸರ್, ಬ್ರೇಕ್ ಡಿಸ್ಕ್ ಕಡೆ ಕೈ ಹೋಗದಂತೆ ನೋಡಿಕೊಳ್ಳಿ.

ಒಂದು ಬದಿಯ ಶಾಕ್ ಸೋತರೂ ಬದಲಿಸುವುದು ಆಕ್ಸಲ್ಲಿನ ಎರಡನ್ನೂ, ಒಂದೇ ಕಂಪನಿಯ ಒಂದೇ ನಂಬರಿನದನ್ನು. ಮಹೀಂದ್ರ ಎಕ್ಸ್‌ಯುವಿ700ನಂಥ ಗಾಡಿಗಳಲ್ಲಿ ಕಂಪನದ ವೇಗಕ್ಕೆ ತಕ್ಕಂತೆ ಬಿಗಿ ಬದಲಿಸುವ ವಾಲ್ವು ಇರುವ ಶಾಕ್ ಬರುತ್ತದೆ. ಅಂಥದರ ಜೋಡಿಗೆ ಪೇಟೆಯ ಮಾಮೂಲಿ ಶಾಕ್ ಒಂದನ್ನು ಹಾಕಿದರೆ ಎಡ ಬಲ ಎಂದಿಗೂ ಒಂದಾಗದು.

ತಿರುಗುಮುರುಗಾದ ಹೊಂದಾಣಿಕೆಯ ದೋಷವೂ ಇದೆ: ಹಳೆಯ ಮೆತ್ತನೆ ಸ್ಪ್ರಿಂಗು, ಅದರ ಮೇಲೆ ಬಲು ಬಿಗಿಯಾದ ಹೊಸ ಶಾಕ್. ಆಗ ಸಣ್ಣ ಉಬ್ಬುಗಳಲ್ಲಿ ಗಾಡಿ ಕಲ್ಲಿನಂತೆ ಕುಟ್ಟುತ್ತದೆ, ಸಾಲು ಗುಂಡಿಗಳಲ್ಲಿ ಒಂದರಿಂದ ಚೇತರಿಸಿಕೊಂಡು ಏಳುವಷ್ಟರಲ್ಲಿ ಇನ್ನೊಂದು ಬಂದು ಇಳಿಯುತ್ತಾ ಇಳಿಯುತ್ತಾ ಕೊನೆಗೆ ಬಂಪ್ ಸ್ಟಾಪಿಗೆ (ಸಸ್ಪೆನ್ಷನ್ ಪೂರ್ತಿ ಅದುಮಿದಾಗ ತಡೆಯುವ ರಬ್ಬರಿಗೆ) ಬಡಿಯುತ್ತದೆ. ಖಾತ್ರಿಗೆ ಬಂಪ್ ಸ್ಟಾಪ್ ರಬ್ಬರಿಗೆ ಚಾಕ್ ಬಳಿದು, ದಿನನಿತ್ಯದ ದಾರಿಯಲ್ಲಿ ಓಡಿಸಿ ಬಂದು ನೋಡಿ. ಚಾಕ್ ಅಳಿಸಿ ಎದುರಿನ ಲೋಹಕ್ಕೆ ಮೆತ್ತಿದ್ದರೆ ಸಸ್ಪೆನ್ಷನ್ ತಳ ಮುಟ್ಟುತ್ತಿದೆ.

ಲಕ್ಷಣ: ಮುಂದೆ ಹಿಂದೆ ತೊನೆಯುತ್ತದೆ, ಹಿಂದಿನ ಸೀಟಿನವರಿಗೆ ವಾಕರಿಕೆ

ಎಕ್ಸ್‌ಪ್ರೆಸ್‌ವೇ ಸೇತುವೆಗಳ ಜೋಡಣೆ ದಾಟಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಉಬ್ಬನ್ನು ಮೊದಲು ಮುಂದಿನ ಚಕ್ರ ಹತ್ತುತ್ತದೆ, ಹಿಂದಿನದು ಆಮೇಲೆ. ಸ್ಕಾರ್ಪಿಯೊ-ಎನ್‌ನಂತೆ 2,750 ಮಿ.ಮೀ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಇರುವ ಗಾಡಿ 72 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ನಡುವಿನ ಅಂತರ ಸೆಕೆಂಡಿನ ಏಳನೇ ಒಂದು ಭಾಗ. ಹಿಂಭಾಗ ತಡವಾಗಿ ಕುಣಿಯಲು ಶುರುಮಾಡಿದರೂ ಸ್ವಲ್ಪ ಚುರುಕಾಗಿ ಕುಣಿದು ಮುಂಭಾಗದ ಜೊತೆ ಸೇರಿಕೊಳ್ಳಲೆಂದು ಹಿಂದಿನ ಸಸ್ಪೆನ್ಷನ್ನಿನ ಲಯವನ್ನು ಮುಂದಿನದಕ್ಕಿಂತ ತುಸು ವೇಗವಾಗಿ ಇಡುತ್ತಾರೆ. 1930ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಎಂಜಿನಿಯರ್ ಮೌರಿಸ್ ಓಲಿ ಕಂಡುಕೊಂಡ ಸೂತ್ರವಿದು. ಮುಂದೆ ಮಾತ್ರ ಗಟ್ಟಿ ಸ್ಪ್ರಿಂಗ್ ಹಾಕಿಸಿ ಹಿಂದೆ ಕಂಪನಿಯದ್ದೇ ಉಳಿಸಿದರೆ ಈ ಲೆಕ್ಕ ತಲೆಕೆಳಗಾಗಿ ಎರಡೂ ತುದಿ ಒಂದಕ್ಕೊಂದು ವಿರುದ್ಧ ಕುಣಿಯುತ್ತವೆ.

ಪರೀಕ್ಷೆ ಅಗ್ಗದ್ದು. ಡಿಕ್ಕಿಯಲ್ಲಿ ಭಾರ ಇರುವಾಗ ಒಮ್ಮೆ, ಇಲ್ಲದಾಗ ಒಮ್ಮೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋಗಿ. ಭಾರ ಹಾಕಿದಾಗ ತೊನೆತ ಹೆಚ್ಚಾದರೆ ಹಿಂದಿನ ಸ್ಪ್ರಿಂಗ್ ಮುಂದಿನದಕ್ಕೆ ಸಾಟಿಯಾಗುತ್ತಿಲ್ಲ. ಮದ್ದು ಒಂದೇ: ನಾಲ್ಕೂ ಮೂಲೆ ಒಂದೇ ಸೆಟ್‌ನಿಂದ ಬರಬೇಕು, ಇಲ್ಲವೇ ಮುಂದಿನದು ಕಂಪನಿಯ ಸ್ಪ್ರಿಂಗಿಗೆ ವಾಪಸಾಗಬೇಕು.

ಲಕ್ಷಣ: ಖಾಲಿ ಇದ್ದಾಗ ಹಿಂಭಾಗ ಎಗರುತ್ತದೆ, ಘಾಟಿ ತಿರುವಿನಲ್ಲಿ ಜಾರುತ್ತದೆ

ಮಲೆನಾಡು, ಕೊಡಗಿನ ತೋಟಗಳಲ್ಲಿ ಬೊಲೆರೊದಂಥ ಲೀಫ್ ಸ್ಪ್ರಿಂಗ್ ಗಾಡಿಗೆ ಗೊಬ್ಬರದ ಚೀಲ ಹೇರಲೆಂದು ಒಂದು ಪ್ಲೇಟು ಹೆಚ್ಚಿಗೆ ಹಾಕಿಸುವುದು ಮಾಮೂಲು. ಐದು ಪ್ಲೇಟಿನ ಕಟ್ಟಿಗೆ ಅಷ್ಟೇ ಉದ್ದ, ಅಷ್ಟೇ ದಪ್ಪದ ಆರನೆಯದು ಸೇರಿದರೆ ಗಡಸುತನ ಸುಮಾರು ಐದನೇ ಒಂದರಷ್ಟು ಏರುತ್ತದೆ. ಚೀಲ ಇದ್ದಾಗ ಹಾಯಾಗಿರುತ್ತದೆ. ಚೀಲ ಇಳಿಸಿ, ಮನೆಯವರನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವಾಗ ಅದೇ ಹಿಂಬದಿ ಗುಂಡಿ ಗುಂಡಿಗೂ ನೆಲ ಬಿಡುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತವಿಲ್ಲ. ಒದ್ದೆ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಸರಿಯುವುದು ಇದರಿಂದಲೇ, ಮತ್ತು ಈ ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಹೆದರುವ ಲಕ್ಷಣವೂ ಇದೇ. ಮುಂಭಾಗ ಜಾರಿದರೆ ವೇಗ ಇಳಿಸುತ್ತಿದ್ದಂತೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂಭಾಗ ಜಾರಿದರೆ ಹೆಚ್ಚಿನವರ ಕೈಗೆ ಗಾಡಿ ಸಿಗುವುದಿಲ್ಲ.

ಸುರುಳಿ ಸ್ಪ್ರಿಂಗ್ ಗಾಡಿಗಳಲ್ಲಿ ಇದೇ ಪೆಟ್ಟು ರಬ್ಬರ್ ಬಫರಿನಿಂದ ಬರುತ್ತದೆ. ಬಫರ್ ಕೂತ ಜಾಗದ ಸುರುಳಿ ಕೆಲಸ ನಿಲ್ಲಿಸುತ್ತದೆ, ಉಳಿದ ಸುರುಳಿಗಳ ಮೇಲೆ ಒತ್ತಡ ಹೆಚ್ಚಿ ಸ್ಪ್ರಿಂಗ್ ಮುರಿಯುವ ಸಂಭವವೂ ಇದೆ. ಪರೀಕ್ಷೆಗೆ ದುಡ್ಡು ಬೇಡ: ಬಫರ್ ತೆಗೆಸಿ ಅದೇ ದಾರಿಯಲ್ಲಿ ಹೋಗಿ ಬನ್ನಿ. ಎಗರಾಟ ನಿಂತು ಹಿಂಭಾಗ ಜೋತುಬಿದ್ದಂತೆ ಅನಿಸಿದರೆ, ಮೂಲ ಸ್ಪ್ರಿಂಗ್ ಸೋತಿದ್ದನ್ನು ಬಫರ್ ಮುಚ್ಚಿಟ್ಟಿತ್ತು. ಆಗ ಹೊಸ ಸ್ಪ್ರಿಂಗ್ ಜೋಡಿ ಹಾಕಿಸಿ.

ಲಕ್ಷಣ: ತಿರುಗಿಸಿದ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ನೇರ ರಸ್ತೆಯಲ್ಲೂ ಅಲೆಯುತ್ತದೆ

ಎತ್ತರ ಏರಿಸಿದ ಗಾಡಿಗಳ ದೂರು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವಂತೆ, ಗಾಡಿಯ ಮುಂದಿನ ಚಕ್ರ ತಿರುಗುವ ಅಕ್ಷವೂ ಹಿಂದಕ್ಕೆ ವಾಲಿರುತ್ತದೆ. ಇದು ಕ್ಯಾಸ್ಟರ್ ಕೋನ, ಸ್ಟೀರಿಂಗ್ ತಾನಾಗಿ ನೇರವಾಗುವುದು ಇದರ ಬಲದಿಂದ. ಮಾರುತಿ ಜಿಮ್ನಿಯಲ್ಲಿ ಮುಂದಿನ ಗಟ್ಟಿ ಆಕ್ಸಲ್ಲನ್ನು ಹಿಡಿದಿರುವ ತೋಳುಗಳು ಹಿಂದೆ ಚಾಸಿಗೆ ಸೇರುತ್ತವೆ. ಸ್ಪ್ರಿಂಗ್ ಉದ್ದವಾಗಿ ಚಾಸಿ ಮೇಲೆ ಹೋದಾಗ ಆ ತೋಳುಗಳು ಆಕ್ಸಲ್ಲನ್ನೇ ಮುಂದಕ್ಕೆ ಉರುಳಿಸುತ್ತವೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಸ್ವತಂತ್ರ ಸಸ್ಪೆನ್ಷನ್ ಗಾಡಿಗಳಲ್ಲೂ ಎತ್ತರದ ಜೊತೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ), ಕ್ಯಾಸ್ಟರ್ ಬದಲಾಗುತ್ತವೆ.

ಅಲೈನ್‌ಮೆಂಟ್ ಮಾಡಿಸಿ, ಆದರೆ ಬರೀ ಟೋ ಸರಿಮಾಡಿ ಕಳಿಸಲು ಬಿಡಬೇಡಿ. ಮಾಡುವ ಮುಂಚಿನದು ಮತ್ತು ನಂತರದ್ದು, ಎರಡೂ ಪ್ರಿಂಟ್ ಕೇಳಿ ಪಡೆಯಿರಿ. ಕ್ಯಾಸ್ಟರ್ ಕಂಪನಿಯ ಮಿತಿಯೊಳಗಿಲ್ಲದಿದ್ದರೆ ಗಾಡಿಗೆ ತಕ್ಕ ಕ್ಯಾಸ್ಟರ್ ಬುಷ್ ಅಥವಾ ತಿದ್ದಿದ ತೋಳು ಹಾಕಿಸಬೇಕು, ಇಲ್ಲವೇ ಎತ್ತರ ಇಳಿಸಬೇಕು. ಹಳೆಯ ಟಾಟಾ ಸಫಾರಿಯಂತೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವ ಗಾಡಿಯಲ್ಲಿ ಬೋಲ್ಟ್ ತಿರುವಿ ಎತ್ತರಿಸಿದ್ದರೆ, ಮೊದಲ ಕೆಲಸ ಅದನ್ನು ಮೂಲ ಎತ್ತರಕ್ಕೆ ತರುವುದು. ಬೋಲ್ಟ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಚಕ್ರ ಕೆಳಗಿಳಿಯಲು ಇದ್ದ ಜಾಗವಷ್ಟೇ ಕಳೆದುಹೋಗುತ್ತದೆ.

ಗುಂಡಿಗೆ ಇಳಿದಾಗ ಸ್ಟೀರಿಂಗ್ ತಾನೇ ಒಂದು ಕಡೆಗೆ ತಿರುಗಿದರೆ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳುಗಳಾದ ಟೈ ರಾಡ್ ಅಥವಾ ಡ್ರ್ಯಾಗ್ ಲಿಂಕಿನ ಓರೆ ಹೆಚ್ಚಾಗಿದೆ. ಮುಂದೆ ನಿಂತು ಬಗ್ಗಿ ನೋಡಿದರೆ ಬದಲಾಯಿಸದ ಅದೇ ಮಾದರಿಯ ಗಾಡಿಗೂ ನಿಮ್ಮದಕ್ಕೂ ವ್ಯತ್ಯಾಸ ಕಾಣುತ್ತದೆ. ಇದನ್ನು ಅಲೈನ್‌ಮೆಂಟ್ ಸರಿಮಾಡದು.

ಲಕ್ಷಣ: ಒಂದು ಬದಿಗೆ ವಾಲಿದೆ ಅಥವಾ ಓರೆಯಾಗಿ ಓಡುತ್ತದೆ

ಟೇಪಿನ ಅಂಕಿಗಳನ್ನು ಮತ್ತೆ ನೋಡಿ. ಕೆಲಸ ಮಾಡಿಸಿದ ಮರುದಿನವೇ ವಾಲಿದ್ದರೆ ಮೊದಲು ಕೇಳಬೇಕಾದ್ದು: ಬುಷ್ ಬೋಲ್ಟ್‌ಗಳನ್ನು ಚಕ್ರ ನೇತಾಡುವಾಗ ಬಿಗಿ ಮಾಡಿದರೇ, ಗಾಡಿ ನೆಲಕ್ಕಿಳಿದ ಮೇಲೆ ಮಾಡಿದರೇ? ನೇತಾಡುವಾಗ ಬಿಗಿ ಮಾಡಿದ್ದರೆ ರಬ್ಬರ್ ತಿರುಚಿಕೊಂಡು ಆ ಮೂಲೆಯನ್ನು ಮೇಲೆತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ ಗಾಡಿ ತನ್ನ ಭಾರದ ಮೇಲೆ ನಿಂತಾಗ ಮತ್ತೆ ಬಿಗಿ ಮಾಡಿದರೆ ಮುಗಿಯಿತು. ಆಮೇಲೂ ವಾಲಿದ್ದರೆ ಸ್ಪ್ರಿಂಗ್‌ಗಳು ಅದಲುಬದಲಾಗಿರಬಹುದು. ಬಣ್ಣದ ಗೆರೆಯ ಫೋಟೊ ಈಗ ಉಪಯೋಗಕ್ಕೆ ಬರುತ್ತದೆ.

ಎತ್ತರ ಸಮವಿದ್ದೂ ಹಿಂಬದಿ ಓರೆ ಎನಿಸಿದರೆ ದಾರಕ್ಕೆ ಒಂದು ನಟ್ಟು ಕಟ್ಟಿ ಹಿಂದಿನ ಫೆಂಡರ್ ಅಂಚಿನಿಂದ ಇಳಿಬಿಡಿ. ದಾರಕ್ಕೂ ಟೈರಿಗೂ ನಡುವಿನ ಜಾಗ ಎರಡೂ ಬದಿ ಅಳೆಯಿರಿ. ಥಾರ್‌ನಂತೆ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಇರುವ ಗಾಡಿ ಎತ್ತರಿಸಿದಾಗ, ಆ ರಾಡ್ ಕಡಿದಾಗಿ ನಿಂತು ಆಕ್ಸಲ್ಲನ್ನು ತಾನು ಚಾಸಿಗೆ ಸೇರಿರುವ ಬದಿಗೆ ಎಳೆದುಕೊಳ್ಳುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಇದಕ್ಕೆ ಪರಿಹಾರ. ಸ್ಕಾರ್ಪಿಯೊ-ಎನ್‌ನಲ್ಲಿ ಅದರ ಬದಲು ವಾಟ್ಸ್ ಲಿಂಕೇಜ್ (ನಡುವೆ ತಿರುಗುವ ತುಂಡಿಗೆ ಎರಡು ಸರಳು ಸೇರಿಸಿದ ಜೋಡಣೆ) ಇರುವುದರಿಂದ ಎತ್ತರ ಬದಲಾದರೂ ಆಕ್ಸಲ್ ನಡುವಿನಲ್ಲೇ ಉಳಿಯುತ್ತದೆ. ಅಲ್ಲಿ ಓರೆ ಕಂಡರೆ ಬುಷ್ ಅಥವಾ ಬೇರೆ ಹೊಡೆತ ಹುಡುಕಿ.

ಲಕ್ಷಣ: ಉಬ್ಬು ಹತ್ತಿದ ಕೂಡಲೇ ಸ್ಟೀರಿಂಗ್ ಗಡಗಡ ನಡುಗುತ್ತದೆ

ಮುಂದೆ ಗಟ್ಟಿ ಆಕ್ಸಲ್ ಇರುವ ಜಿಮ್ನಿ, ಹಳೆಯ ಜಿಪ್ಸಿ, ಜೀಪುಗಳಲ್ಲಿ ಇದು ಕಾಣುತ್ತದೆ. ನಡುಕ ಶುರುವಾದರೆ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನಕ್ಕೆ ವೇಗ ಇಳಿಸಿ. ಬ್ರೇಕ್ ಜಗ್ಗಿ ಒತ್ತಬೇಡಿ. ನಂತರ ಈ ಕ್ರಮದಲ್ಲಿ ನೋಡಿಸಿ: ಟೈರ್ ಬ್ಯಾಲೆನ್ಸ್, ಟೈ ರಾಡ್ ತುದಿಗಳು, ಮುಂದಿನ ಪ್ಯಾನ್‌ಹಾರ್ಡ್ ಬುಷ್, ಕಿಂಗ್‌ಪಿನ್ ಬೇರಿಂಗ್ (ಮುಂದಿನ ಚಕ್ರ ಎಡ ಬಲ ತಿರುಗುವ ಕೀಲಿನದು), ಕ್ಯಾಸ್ಟರ್. ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅಲುಗಾಟ ತಡೆಯುವ ಸಣ್ಣ ಶಾಕ್) ಹಾಕಿ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ಅದು ನಡುಕವನ್ನು ಕೆಲಕಾಲ ಮುಚ್ಚಿಡುತ್ತದೆ, ಸವೆದ ಕೀಲು ಸವೆಯುತ್ತಲೇ ಇರುತ್ತದೆ.

ಲಕ್ಷಣ: ಬ್ರೇಕ್ ಒತ್ತಿದರೆ ಮೂಗು ನೆಲಕ್ಕೆ ಬೀಳುತ್ತದೆ

ಮುಂದಿನ ಶಾಕ್ ಸೋತಿರುವುದು ಸಾಮಾನ್ಯ ಕಾರಣ. ಹಿಂಭಾಗ ಎತ್ತರಿಸಿದ ಹಳೆಯ ಗಾಡಿಗಳಲ್ಲಿ ಇನ್ನೊಂದು ಕಾರಣವಿದೆ. ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವು ಇದ್ದರೆ, ಅದು ಎತ್ತರ ನೋಡಿ ಹೊರೆ ಅಂದಾಜಿಸುತ್ತದೆ. ಹಿಂಭಾಗ ಎತ್ತರಿಸಿದಾಗ ಗಾಡಿ ಖಾಲಿ ಇದೆ ಎಂದುಕೊಂಡು ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುತ್ತದೆ. ಇದನ್ನು ನೀವೇ ತಿರುವಬೇಡಿ. ಬ್ರೇಕ್ ಬಲ್ಲ ಮೆಕ್ಯಾನಿಕ್ಕಿಗೆ ಬಿಡಿ.

ಇಲ್ಲಿಗೆ ನಿಲ್ಲಿಸಿ, ಗಾಡಿ ಓಡಿಸಬೇಡಿ

ಸ್ಪ್ರಿಂಗ್ ಮುರಿದಿದ್ದರೆ ಅಥವಾ ಸೀಟಿನಿಂದ ಜರುಗಿದ್ದರೆ, ಶಾಕ್ ಬೋಲ್ಟ್ ಕಳಚಿದ್ದರೆ, ಬಾಲ್ ಜಾಯಿಂಟ್ (ಚಕ್ರದ ಬಳಿಯ ಗುಂಡು ಕೀಲು) ಅಲುಗುತ್ತಿದ್ದರೆ, ತಿರುಗಿಸುವಾಗ ಟೈರು ಬ್ರೇಕ್ ಪೈಪಿಗೋ ಫೆಂಡರಿಗೋ ಉಜ್ಜುತ್ತಿದ್ದರೆ, ನಡುಕ ಮತ್ತೆ ಮತ್ತೆ ಬರುತ್ತಿದ್ದರೆ ಟೋಯಿಂಗ್ ಕರೆಸಿ. ಇಂಥ ಗಾಡಿಯಲ್ಲಿ ಘಾಟಿ ಇಳಿಯುವ ಮಾತೇ ಬೇಡ.

ಸುರುಳಿ ಸ್ಪ್ರಿಂಗ್ ಬಿಚ್ಚುವುದು, ಟಾರ್ಷನ್ ಬಾರ್ ಸಡಿಲಿಸುವುದು ಮನೆಯ ಕೆಲಸವಲ್ಲ. ಅದುಮಿದ ಸ್ಪ್ರಿಂಗ್ ಕಂಪ್ರೆಸರಿನಿಂದ ಜಾರಿದರೆ ಜೀವ ತೆಗೆಯುವಷ್ಟು ಬಲ ಅದರಲ್ಲಿರುತ್ತದೆ. ಗ್ಯಾಸ್ ತುಂಬಿದ ಶಾಕ್‌ಗೆ ಬೆಂಕಿ ತೋರಿಸುವುದು, ತೂತು ಹೊಡೆಯುವುದು ಬೇಡ. ಎತ್ತರ ಇಳಿಸಲು ಸ್ಪ್ರಿಂಗಿನ ಸುರುಳಿ ಕತ್ತರಿಸಿ ಕೊಡುತ್ತೇನೆ ಎನ್ನುವವರ ಕಡೆಗೆ ಹೋಗಲೇಬೇಡಿ.

ಗ್ಯಾರೇಜಿಗೆ ಹೋದಾಗ

"ಗಾಡಿ ಸರಿಯಿಲ್ಲ, ನೋಡಿ" ಎಂದರೆ ಅವರೂ ಊಹೆಯ ಮೇಲೆ ಭಾಗ ಬದಲಿಸುತ್ತಾರೆ. ಬದಲಾವಣೆಗಳ ಪಟ್ಟಿ, ನಾಲ್ಕು ಮೂಲೆಯ ಅಳತೆ, ಹಂಪಿನ ವಿಡಿಯೊ, ಅಲೈನ್‌ಮೆಂಟ್ ಪ್ರಿಂಟ್ ಕೈಯಲ್ಲಿ ಹಿಡಿದು ಹೋಗಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಕ್ಷಣ ಕಾಣುವ ರಸ್ತೆಯಲ್ಲೇ ಒಂದು ಸುತ್ತು ಹೊಡೆಸಿ. ಗೊಂದಲ ಉಳಿದರೆ ಕಂಪನಿಯ ಮೂಲ ಸ್ಪ್ರಿಂಗ್, ಶಾಕ್‌ಗಳನ್ನು ನಾಲ್ಕೂ ಕಡೆ ಮರಳಿ ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಹಳೆಯ ಭಾಗಗಳು ಸುಸ್ಥಿತಿಯಲ್ಲಿದ್ದರೆ ಗುಜರಿಗೆ ಹಾಕದೆ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ, ವಿಮೆಯ ಕ್ಲೇಮಿಗೂ ತೊಡಕಾಗಬಹುದು. ಹಾಗಾಗಿ ಎತ್ತರಿಸುವ ಮೊದಲೇ ವಿಚಾರಿಸಿ.

ಸರಿಪಡಿಸಿದ ಮೇಲೆ ಹೆಡ್‌ಲೈಟಿನ ಕೋನ ತಿದ್ದಿಸಿ. ಮುಂದೆ ಕ್ಯಾಮೆರಾ, ರೇಡಾರ್ ಇರುವ ಗಾಡಿಯಾದರೆ ಎತ್ತರ ಬದಲಾದಾಗ ಅವನ್ನೂ ಸರ್ವಿಸ್ ಸೆಂಟರಿನಲ್ಲಿ ಹೊಂದಿಸಬೇಕು. ಸುಮಾರು 500 ಕಿ.ಮೀ. ಓಡಿದ ನಂತರ ಹೊಸ ಸ್ಪ್ರಿಂಗ್‌ಗಳು ತುಸು ಕೂತಿರುತ್ತವೆ. ಆಗ ಎಲ್ಲ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿಸಿ, ನಾಲ್ಕೂ ಮೂಲೆ ಟೇಪು ಹಿಡಿದು ಅಳೆದು, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ.